ಎಂಟು ಸೋಮವಾರಗಳ ತಪ್ಪು

ಕಲ್ಲೂರಿನ ಸೂಗಪ್ಪನ ಮಗಳು ದುರ್ಗಾ ರಾಯಚೂರಿನಲ್ಲಿ ಏನು ಕೆಲಸ ಮಾಡುತ್ತಾಳೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸೂಗಪ್ಪನನ್ನು ಕೇಳಿದರೆ ‘ನೀರಿನ ಆಫೀಸಿನ್ಯಾಗ ಅದಾಳ’ ಎನ್ನುತ್ತಾನೆ. ಹಾಗೆಂದು ತಿಳಿದವರು ತಮ್ಮ ಓಣಿಯ ನಲ್ಲಿಗೆ ಮೂರು ದಿನ ನೀರು ಬರದಿದ್ದಾಗ ಅವಳಿಗೆ ಫೋನ್ ಮಾಡುತ್ತಾರೆ. ಅವಳೂ ಪಾಪ, ತನಗೆ ಸಂಬಂಧವಿಲ್ಲದ ಆ ದೂರನ್ನು ಪೂರ್ತಿ ಕೇಳಿಸಿಕೊಂಡು, ಸಂಬಂಧಪಟ್ಟವರ ನಂಬರು ಹುಡುಕಿ ಕೊಡುತ್ತಾಳೆ. ಮೂವತ್ತರ ಹತ್ತಿರ ಬಂದ ಹೆಣ್ಣುಮಗಳು. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಅವರ ಮನೆತನದಲ್ಲಿ ಹೊಲದ ಕೂಲಿ ಬಿಟ್ಟು ಕುರ್ಚಿಯ ಮೇಲೆ ಕೂತು ದುಡಿದವರಲ್ಲಿ ಅವಳೇ ಮೊದಲಿಗಳು. ಕುರ್ಚಿ ಮಾತ್ರ ಅಷ್ಟು ಚೆನ್ನಾಗಿರಲಿಲ್ಲ, ಒಂದು ಕಾಲು ಅಲ್ಲಾಡುತ್ತಿತ್ತು.

ಸ್ಟೇಷನ್ ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯೇ ಅವಳ ಆಫೀಸು. ಅದೊಂದು ಸ್ವಯಂಸೇವಾ ಸಂಸ್ಥೆ. ರಾಯಚೂರು, ಮಾನ್ವಿ, ದೇವದುರ್ಗ ಈ ಮೂರು ತಾಲೂಕಿನ ನಲವತ್ತಮೂರು ಹಳ್ಳಿಗಳಲ್ಲಿ ಊರಿಗೊಬ್ಬ ಹೆಣ್ಣುಮಗಳನ್ನು ನೇಮಿಸಿಕೊಂಡಿತ್ತು. ಆಕೆ ಬೆಳಿಗ್ಗೆ ಎದ್ದು ಊರಿನ ಬೋರು, ಕೈಪಂಪು, ಟ್ಯಾಂಕಿಗಳ ನೀರಿಗೆ ಒಂದು ಕಾಗದದ ಪಟ್ಟಿ ಅದ್ದಿ, ಅದು ಯಾವ ಬಣ್ಣಕ್ಕೆ ತಿರುಗಿತೆಂದು ನೋಡಿ ಫೋನಿನಲ್ಲಿ ತುಂಬಬೇಕು. ಫ್ಲೋರೈಡು ಹೆಚ್ಚಾದ ಪಂಪಿಗೆ ಕೆಂಪು ಬಣ್ಣ ಬಳಿಯಬೇಕು. ನಮ್ಮ ಬೋರಿನ ನೀರು ಕುಡಿಯಲು ಬಾರದೆಂದರೆ ಕೆಲವರಿಗೆ ಮೂಗಿನ ತುದಿಗೇ ಸಿಟ್ಟು ಬರುತ್ತದೆ. ಅದಕ್ಕೇ ಹಳ್ಳಿಯ ಫೋನಿನಿಂದ ರಾಯಚೂರಿನ ಸರ್ವರಿಗೆ ಬರುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದ ಹಾಗೆ, ತಿದ್ದದ ಹಾಗೆ ಗೂಢಲಿಪಿ ಮಾಡಿ ಕಳಿಸುವ ವ್ಯವಸ್ಥೆ ಇತ್ತು. ಮಾತು ಶುರುವಾಗುವ ಮೊದಲು ಸರ್ವರು ಫೋನಿಗೆ ತನ್ನ ಗುರುತಿನ ಚೀಟಿ ತೋರಿಸಬೇಕಿತ್ತು. ಆ ಸರ್ವರನ್ನು ನೋಡಿಕೊಳ್ಳುವವಳು ದುರ್ಗಾ.

ಅವಳ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ಕು ಇತ್ತು. ಸರ್ವರು ಇಂಗ್ಲಿಷಿನಲ್ಲಿ ಗೊಣಗುವ ತಪ್ಪುಗಳನ್ನೆಲ್ಲ ಅವಳು ಅದರಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದಳು. ‘ಎದುರಿನವರು ನಮ್ಮ ಗುರುತಿನ ಚೀಟಿ ಒಪ್ಪಲಿಲ್ಲ’, ‘ಮಾತಿನ ನಡುವೆ ಎದ್ದು ಹೋದರು’, ‘ಕೈಕುಲುಕುವ ಮೊದಲೇ ಜಗಳ’ – ಹೀಗೆ. ಆಫೀಸಿನ ಮುಖ್ಯಸ್ಥ ಜಗದೀಶ ಅದನ್ನು ನೋಡಿ ನಗುತ್ತಿದ್ದ. ಅವನ ಬಳಿ ಎಲ್ಲ ರೋಗಕ್ಕೂ ಒಂದೇ ಔಷಧ: ಸರ್ವರು ಆರಿಸು, ಮತ್ತೆ ಹಚ್ಚು. ಆರಿಸಿ ಹಚ್ಚಿದರೆ ತಪ್ಪು ಹೋಗುವುದಿಲ್ಲ, ತಪ್ಪಿನ ಗುರುತು ಹೋಗುತ್ತದೆ ಎಂದು ದುರ್ಗಾ ವಾದಿಸುತ್ತಿದ್ದಳು. ಅವನು ಕೆಟ್ಟವನಲ್ಲ, ಅವಸರದವನು.

ಒಂದು ಶನಿವಾರ ಜಗದೀಶ ಅವಳ ಮೇಜಿನ ಹತ್ತಿರ ಬಂದು ನಿಂತ.

“ದುರ್ಗಾ, ದೇವದುರ್ಗ ಕಡಿ ಹುಲಗೆಮ್ಮ ಅಂತ ಒಬ್ಬಾಕಿ ಅದಾಳಲ್ಲ, ಆಕೀದು ಎಂಟು ಸೋಮವಾರದ ದಾಖಲೆ ಪ್ರಿಂಟ್ ತೆಗೆದು ಕೊಡು. ಮುಂದಿನ ಶನಿವಾರ ಕಮಿಟಿ ಅದ. ಆಕೀನ್ನ ತೆಗೀತಾರ.”

“ಯಾಕ್ರೀ ಸರ್?”

“ಫೋನಿನ್ಯಾಗ ಏನೋ ಕೈಚಳಕ ಮಾಡ್ಯಾಳಂತ. ನಿನ್ನ ಸರ್ವರೇ ಹೇಳಾಕತ್ತದಲ್ಲ. ಪ್ರತಿ ಸಲ ಗುರುತಿನ ಚೀಟಿ ತಕರಾರು, ಆಕಿ ಹೆಸರಿನ ಮ್ಯಾಲೇ.”

ಸಂಸ್ಥೆಯಲ್ಲಿ ಇದಕ್ಕೆ ಎರಡು ನಿಯಮಗಳಿದ್ದವು. ಒಂದು, ಒಂದೇ ದಿನ ಮೂರು ಸಲ ಗುರುತಿನ ತಕರಾರು ಬಂದರೆ ಆ ಫೋನನ್ನು ಸರ್ವರು ಆ ದಿನದ ಮಟ್ಟಿಗೆ ಹೊರಗಿಡುತ್ತದೆ. ಎರಡು, ವಾರದ ವರದಿಗೆ ಹಿಡಿಯುವುದು ಸೋಮವಾರದ ನೀರನ್ನೇ. ಎಂಟು ಸೋಮವಾರ ತಪ್ಪಿದವರನ್ನು ಕೆಲಸದಿಂದ ತೆಗೆಯಬಹುದು. ಹುಲಗೆಮ್ಮನ ಲೆಕ್ಕ ಸರಿಯಾಗಿ ಎಂಟಕ್ಕೆ ಬಂದು ನಿಂತಿತ್ತು.

ದುರ್ಗಾ ಪ್ರಿಂಟ್ ತೆಗೆದಳು. ತೆಗೆದವಳು ಕೊಡಲಿಲ್ಲ, ಓದುತ್ತ ಕೂತಳು. ಮಂಗಳವಾರದಿಂದ ಭಾನುವಾರದ ತನಕ ಅದೇ ಫೋನು, ಅದೇ ಹೆಂಗಸು, ಅದೇ ಬೆಳಗಿನ ಆರೂಕಾಲು. ಒಂದು ದಿನವೂ ತಕರಾರಿಲ್ಲ. ಸೋಮವಾರ ಮಾತ್ರ ಮೂರಕ್ಕೆ ಮೂರೂ ಸಲ ತಪ್ಪು. ವಾರಕ್ಕೊಂದೇ ದಿನ ಮೋಸ ಮಾಡುವ ಫೋನನ್ನು ಅವಳು ಕಂಡಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಇನ್ನೂ ಗೊತ್ತಿರಲಿಲ್ಲ, ಆದರೆ ಬಂದದ್ದಂತೂ ನಿಜ.

ಮರುದಿನ ಭಾನುವಾರ, ಅವಳು ಎಂದಿನಂತೆ ಕಲ್ಲೂರಿಗೆ ಹೋದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಸೂಗಪ್ಪ ಮೊದಲ ತುತ್ತಿಗೇ ಕೆಮ್ಮಿದ.

“ರೊಟ್ಟಿ ಯಾಕ ಖಾರ ಆಗ್ಯಾವ? ಹಿಟ್ಟಿನ್ಯಾಗ ಏನ್ ಹಾಕಿದಿ?”

ದುರ್ಗಾಳ ತಾಯಿ ಮಾನಮ್ಮ ಹಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಉತ್ತರ ಕೊಟ್ಟಳು. “ನಾ ಏನೂ ಹಾಕಿಲ್ಲ. ಗಿರಣಿಯಾಂವ ನನಗಿಂತ ಮೊದಲು ಯಾರದೋ ಮೆಣಸಿನಕಾಯಿ ಬೀಸ್ಯಾನ. ಆಮ್ಯಾಲ ಕಲ್ಲು ಬಳೀಲಿಲ್ಲ, ನನ್ನ ಜ್ವಾಳ ಸುರುವಿದ. ಜ್ವಾಳ ನಂದು, ಖಾರ ಅವರ್ದು, ಬೈಗುಳ ನನಗ.”

ದುರ್ಗಾ ನಕ್ಕಳು, ಎರಡು ಖಾರದ ರೊಟ್ಟಿ ತಿಂದಳು, ಸಂಜೆ ಬಸ್ಸಿಗೆ ರಾಯಚೂರಿಗೆ ಮರಳಿದಳು. ಆಗ ಅವಳಿಗೆ ಏನೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೇ ಅವಳು ಆಫೀಸಿನ ಬೀಗ ತೆಗೆದಳು. ಕೆಳಗೆ ಔಷಧಿ ಅಂಗಡಿ ಇನ್ನೂ ತೆರೆದಿರಲಿಲ್ಲ. ಸರ್ವರಿನ ದಾಖಲೆ ಪರದೆಯ ಮೇಲೆ ಒಂದೊಂದೇ ಸಾಲಾಗಿ ಏರುವುದನ್ನು ನೋಡುತ್ತ ಕೂತಳು. ಅಷ್ಟು ಮುಂಜಾನೆ ಮಾಹಿತಿ ಕಳಿಸುವವರು ಕಡಿಮೆ. ಉಳಿದವರು ಮನೆಗೆಲಸ ಮುಗಿಸಿ ಎಂಟರ ಮೇಲೆ ಬರುತ್ತಾರೆ. ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ ಯಾರೋ ಬಂದರು. ಯಾರೆಂದು ಹೇಳುವ ಮೊದಲೇ ‘ನಿಮ್ಮ ಗುರುತಿನ ಚೀಟಿ ಸರಿಯಿಲ್ಲ’ ಎಂದು ಸರ್ವರಿಗೇ ಹೇಳಿ ಹೊರಟುಹೋದರು. ಹೆಸರಿಲ್ಲ, ಬಂದ ದಾರಿಯ ನಂಬರು, ಅಂದರೆ ಇಂಟರ್ನೆಟ್ಟಿನ ವಿಳಾಸ ಮಾತ್ರ ಉಳಿಯಿತು. ಅದರ ಬೆನ್ನಿಗೇ ಹುಲಗೆಮ್ಮನ ಫೋನು ಬಂತು. ಹೆಸರು ಹೇಳಿತು, ಎಲ್ಲ ಸರಿಯಾಗಿ ನಡೆದಿತ್ತು, ಸರ್ವರು ಇದ್ದಕ್ಕಿದ್ದಂತೆ ‘ಗುರುತಿನ ಚೀಟಿ ತಕರಾರು’ ಎಂದು ಅವಳನ್ನು ಹೊರದಬ್ಬಿತು. ಅರ್ಧ ನಿಮಿಷಕ್ಕೆ ಮತ್ತೆ ಆ ಹೆಸರಿಲ್ಲದವರು, ಮತ್ತೆ ಅದೇ ತಕರಾರು. ಅದರ ಬೆನ್ನಿಗೇ ಮತ್ತೆ ಹುಲಗೆಮ್ಮ. ಎರಡು ತಪ್ಪು ಆಕೆಯ ಲೆಕ್ಕಕ್ಕೆ ಬಿದ್ದವು.

ದುರ್ಗಾ ತಕ್ಷಣ ಫೋನ್ ಹಚ್ಚಿದಳು.

“ಹುಲಗೆಮ್ಮಕ್ಕಾ, ನಾನ್ರೀ, ರಾಯಚೂರು ಆಫೀಸಿನಿಂದ ದುರ್ಗಾ. ಮೂರನೇ ಸಲ ಒತ್ತಬ್ಯಾಡ್ರಿ. ಎಲ್ಲದೀರಿ ಈಗ?”

ಆ ಕಡೆಯಿಂದ ಏದುಸಿರು ಕೇಳಿಸಿತು. “ಗುಡ್ಡದ ಮ್ಯಾಲ ಅದೀನ್ರೀ ಮೇಡಂ. ಮೊದಲನೇ ಸೋಮವಾರ ಮನಿಯಿಂದ ಹೋಗಲಿಲ್ಲ, ಕೆಳಗ ನೆಟ್‌ವರ್ಕ್ ಸಾಲವಲ್ದು ಅಂತ ಆವಾಗಿಂದ ಪ್ರತಿ ಸೋಮವಾರ ಇಲ್ಲಿಗೆ ಬರತೀನಿ. ಕತ್ತಲಿದ್ದಾಗ್ಲೇ ಪಟ್ಟಿ ಅದ್ದಿ, ಬ್ಯಾಟರಿ ಹಿಡಕೊಂಡು ಹತ್ತೀನಿ. ಇಲ್ಲೂ ಹೋಗವಲ್ದು.”

“ಇಳೀರಿ. ಏಳು ಗಂಟೆಕ್ಕ ಮನಿಯಾಗ ಕೂತು ಒಂದೇ ಸಲ ಒತ್ರಿ.”

“ಹೋಗದಿದ್ರ? ಇದು ಒಂಬತ್ತನೇದು ಆಗತದ ಮೇಡಂ. ನನ್ನ ತೆಗೀತಾರ ಅಂತ ಸುದ್ದಿ ಬಂದದ.”

ಹೋಗದಿದ್ದರೆ ಏನೆಂದು ದುರ್ಗಾಳಿಗೂ ಗೊತ್ತಿರಲಿಲ್ಲ. “ಹೋಗತದ್ರೀ” ಎಂದಳು. ಮುಂದಿನ ಮುಕ್ಕಾಲು ಗಂಟೆ ಅವಳು ಚಹಾಕ್ಕೂ ಏಳಲಿಲ್ಲ. ಹೆಸರಿಲ್ಲದ ಆ ತಕರಾರು ಆರು ಐವತ್ತರ ತನಕ ಅರ್ಧ ಅರ್ಧ ನಿಮಿಷಕ್ಕೆ ಬಂದು, ಆಮೇಲೆ ನಿಂತಿತು. ಏಳು ಗಂಟೆ ಒಂದು ನಿಮಿಷಕ್ಕೆ ಹುಲಗೆಮ್ಮನ ಮಾಹಿತಿ ಬಂತು. ಸರ್ವರು ತುಟಿಪಿಟಕ್ಕೆನ್ನದೆ ತೆಗೆದುಕೊಂಡಿತು. ಎರಡು ಕೈಪಂಪು ಚೆನ್ನ, ಶಾಲೆಯ ಬೋರು ಕೆಂಪು.

ಆಗ ಮಾನಮ್ಮನ ರೊಟ್ಟಿ ನೆನಪಾಯಿತು. ದುರ್ಗಾ ಸರ್ವರಿನ ಪ್ರೋಗ್ರಾಮನ್ನೇ ತೆರೆದು ಓದಿದಳು. ಅದನ್ನು ಹಿಂದೆ ಯಾರೋ ಗುತ್ತಿಗೆಯವರು ಬರೆದುಕೊಟ್ಟು ಹೋಗಿದ್ದರು. ಗೂಢಲಿಪಿಯ ಭಾಗ ಒಂದು ತಪ್ಪಿನ ಪಟ್ಟಿ ಇಟ್ಟುಕೊಂಡಿರುತ್ತದೆ. ಏನು ಕೆಟ್ಟರೂ ಅದರಲ್ಲಿ ಬರೆಯುತ್ತದೆ. ಆ ಪಟ್ಟಿಯನ್ನು ಓದಿ ಅಳಿಸುವುದು ಸರ್ವರಿನ ಕೆಲಸ. ಈ ಸರ್ವರು ಮಾತ್ರ ಹೆಸರು ಹೇಳದೆ ಹೋದವರ ತಪ್ಪನ್ನು ಓದುತ್ತಲೂ ಇರಲಿಲ್ಲ, ಅಳಿಸುತ್ತಲೂ ಇರಲಿಲ್ಲ. ಮುಂದಿನವರು ಬಂದಾಗ ಪಟ್ಟಿ ನೋಡಿ, ಏನೋ ಬರೆದಿದೆಯಲ್ಲ ಎಂದು, ಎದುರಿಗೆ ನಿಂತವರ ತಲೆಗೇ ಕಟ್ಟಿ, ಆಮೇಲಷ್ಟೇ ಅದನ್ನು ಅಳಿಸುತ್ತಿತ್ತು. ಗದ್ದಲದ ಹೊತ್ತಿನಲ್ಲಾದರೆ ಆ ತಪ್ಪು ಒಮ್ಮೆ ಒಬ್ಬರಿಗೆ, ಇನ್ನೊಮ್ಮೆ ಇನ್ನೊಬ್ಬರಿಗೆ ಹಂಚಿಹೋಗಿ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಬೆಳಗಿನ ಆರೂಕಾಲಿಗೆ ಇಡೀ ಮೂರು ತಾಲೂಕಿನಲ್ಲಿ ಮುಂದಿನವಳು ಹುಲಗೆಮ್ಮ ಒಬ್ಬಳೇ. ಎಲ್ಲರಿಗಿಂತ ಮೊದಲು ಕೆಲಸ ಮುಗಿಸುವವಳಿಗೆ ಸಿಕ್ಕ ಬಹುಮಾನ ಅದು.

ಒಂದು ಸಾಲು ಸೇರಿಸಿದರೆ ಸಾಕಿತ್ತು: ಯಾರ ಕೆಲಸಕ್ಕೇ ಆಗಲಿ ಕೈ ಹಾಕುವ ಮೊದಲು ಹಳೆಯ ಪಟ್ಟಿ ಅಳಿಸು. ದುರ್ಗಾ ಅದನ್ನು ಹತ್ತು ನಿಮಿಷದಲ್ಲಿ ಬರೆದಳು, ಒಂದು ಗಂಟೆ ಪರೀಕ್ಷೆ ಮಾಡಿದಳು. ಇಷ್ಟೇ ಆಗಿದ್ದರೆ ಈ ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಆ ಹೆಸರಿಲ್ಲದವರು ಯಾರು? ಆರು ಐವತ್ತೆರಡಕ್ಕೆ ಅದೇ ದಾರಿಯ ನಂಬರಿನಿಂದ ಒಬ್ಬರು ಹೆಸರು ಹೇಳಿಕೊಂಡು, ಒಮ್ಮೆ ಹೊರಬಿದ್ದು, ಎರಡನೇ ಸಲಕ್ಕೆ ಒಳಗೆ ಬಂದಿದ್ದರು. ಪೋತ್ನಾಳದ ಹಾಜಿರಾ ಬೀ. ಶನಿವಾರ, ಭಾನುವಾರ, ಸೋಮವಾರ ಮೂರೂ ದಿನದ ನೀರಿನ ಮಾಹಿತಿ ಒಟ್ಟಿಗೇ ಕಳಿಸಿದ್ದಳು. ಹಾಗೆ ಕಳಿಸಲು ಬರುವುದಿಲ್ಲ. ಆಯಾ ದಿನದ್ದು ಆಯಾ ದಿನವೇ ತುಂಬಬೇಕು, ಫೋನು ಬೇರೆ ತಾರೀಖು ಒಪ್ಪುವುದಿಲ್ಲ. ದುರ್ಗಾ ಅವಳಿಗೂ ಫೋನ್ ಮಾಡಿದಳು.

ಹಾಜಿರಾ ಬೀ ಮುಚ್ಚಿಡುವ ಹೆಂಗಸಲ್ಲ. “ಹೌದು ಬೇಟಿ. ಮಗಳು ಮಾನ್ವಿಯಾಗ ಬಾಣಂತಿ ಅದಾಳ. ಪ್ರತಿ ಶನಿವಾರ ಹೋಗಿ ಐತವಾರ ಸಂಜಿಗೆ ಬರತೀನಿ. ಆ ಎರಡು ದಿನ ಸೊಸಿ ಪಟ್ಟಿ ಅದ್ದಿ ಚೀಟಿಯಾಗ ಬರ್ದಿಡತಾಳ, ಸುಳ್ಳು ಒಂದೂ ಇಲ್ಲ. ಸೋಮವಾರ ಮುಂಜಾನಿ ಫೋನಿನ ತಾರೀಖು ಹಿಂದಕ್ಕ ಹಾಕಿ ಒಂದೊಂದೇ ತುಂಬತೀನಿ. ಚಷ್ಮಾ ಹಾಕ್ಕೊಂಡು ತುಂಬೂದ್ರಾಗ ಅರ್ಧ ಗಂಟಿ ಮ್ಯಾಲ ಹೋಗತದ. ಆಮ್ಯಾಲ ತಾರೀಖು ಸರಿ ಮಾಡತೀನಿ, ಎಲ್ಲಾ ತಾನ ಹೋಗತದ.”

“ತಾರೀಖು ಹಿಂದಕ್ಕ ಹಾಕೂದು ಯಾರು ಕಲಿಸಿದ್ರು ನಿಮಗ?”

“ಅದೇನು ಹಿಂಗ ಕೇಳತಿ? ನೀನ ಕಲಿಸಿದಿ. ಎರಡು ವರ್ಷದ ಹಿಂದ ಮಾನ್ವಿ ಟ್ರೇನಿಂಗಿನ್ಯಾಗ. ಸರ್ವರು ಎರಡು ದಿನ ಬಂದ್ ಇತ್ತಲ್ಲ, ಆವಾಗ.”

ದುರ್ಗಾಳಿಗೆ ನೆನಪಿತ್ತು. ಎರಡು ದಿನ ಸರ್ವರು ಕೆಟ್ಟಿತ್ತು. ಮಾನ್ವಿಯ ತರಬೇತಿಗೆ ಬಂದ ಹದಿನಾಲ್ಕು ಹೆಂಗಸರು ತಮ್ಮ ಎರಡು ದಿನದ ಲೆಕ್ಕ ಹೋಯಿತೆಂದು ಮುಖ ಸಣ್ಣ ಮಾಡಿಕೊಂಡಿದ್ದರು. ಕರುಣೆ ಬಂದು, ತಾರೀಖು ಹಿಂದೆ ಹಾಕಿ ತುಂಬಿರೆಂದು ಅವಳೇ ಒಬ್ಬೊಬ್ಬರ ಫೋನು ಹಿಡಿದು ತೋರಿಸಿದ್ದಳು. ದೇವದುರ್ಗದ ತರಬೇತಿ ಅದಕ್ಕಿಂತ ಮೊದಲೇ ಮುಗಿದಿತ್ತು. ಹುಲಗೆಮ್ಮನಿಗೆ ಆ ಉಪಾಯ ಯಾರೂ ಹೇಳಿರಲಿಲ್ಲ.

ಉಳಿದದ್ದು ತಾನಾಗಿ ಕೂಡಿಕೊಂಡಿತು. ಸರ್ವರಿಗೆ ಒಂದು ಗುರುತಿನ ಚೀಟಿ ಇರುತ್ತದೆ. ಫೋನು ಮೊದಲು ಅದನ್ನು ನೋಡಿ ನಂಬಿ, ಆಮೇಲೆ ಮಾತಾಡುತ್ತದೆ. ಮೊದಲು ಅದು ವರ್ಷಕ್ಕೊಂದು ಹೊಸದಾಗುತ್ತಿತ್ತು. ಹೆಚ್ಚು ಭದ್ರವಾಗಲೆಂದು ಎರಡು ತಿಂಗಳ ಹಿಂದೆ ದುರ್ಗಾ ಅದನ್ನು ಪ್ರತಿ ಭಾನುವಾರ ರಾತ್ರಿ ಬದಲಾಗುವಂತೆ ಮಾಡಿದ್ದಳು. ಸೋಮವಾರ ಬೆಳಿಗ್ಗೆ ಶನಿವಾರದ ತಾರೀಖು ಹಾಕಿಕೊಂಡ ಫೋನಿನ ಲೆಕ್ಕದಲ್ಲಿ ಆ ಚೀಟಿ ಇನ್ನೂ ಹುಟ್ಟೇ ಇಲ್ಲ. ಹುಟ್ಟದ ಚೀಟಿಯನ್ನು ಅದು ಒಪ್ಪುವುದಾದರೂ ಹೇಗೆ? ಒಪ್ಪದೆ ಹೊರಟುಹೋಗುತ್ತಿತ್ತು, ಅರ್ಧ ನಿಮಿಷಕ್ಕೆ ಮತ್ತೆ ಬಂದು ಕೇಳುತ್ತಿತ್ತು.

ಮಂಗಳವಾರ ಅವಳು ಜಗದೀಶನ ಎದುರು ಕೂತು ಗಿರಣಿ, ಮೆಣಸಿನಕಾಯಿ, ಜೋಳದ ಲೆಕ್ಕದಲ್ಲೇ ಎಲ್ಲ ಹೇಳಿದಳು. ಅವನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವನು ಕುರ್ಚಿಗೆ ಒರಗಿ ಕೂತ.

“ಚಲೋ ಆತು. ‘ತಾಂತ್ರಿಕ ದೋಷ, ಸರಿಪಡಿಸಲಾಗಿದೆ’ ಅಂತ ಒಂದು ಸಾಲು ಬರದು ಕಳಿಸು.”

“ಅಷ್ಟ ಬರದ್ರ ಹುಲಗೆಮ್ಮಂದು ಎಂಟು ಸೋಮವಾರ ಹೋಗೂದಿಲ್ರಿ ಸರ್. ಯಾರ ತಪ್ಪು ಅಂತ ತೋರಿಸಿದ್ರ ಮಾತ್ರ ಆಕಿ ಲೆಕ್ಕದಿಂದ ತೆಗೀತಾರ. ನಿಯಮದಾಗ ಹಂಗ ಅದ.”

“ಹಂಗಾದ್ರ ಪೋತ್ನಾಳದಾಕಿ ಹೆಸರು ಬರಿ.”

“ತಾರೀಖು ತಿದ್ದಿದ್ರ ಕೆಲಸದಿಂದ ತೆಗೀತಾರ. ಅದೂ ನಿಯಮದಾಗ ಅದ.”

ಜಗದೀಶ ತಲೆ ಕೆರೆದುಕೊಂಡ. “ಇಬ್ಬರಾಗ ಒಬ್ಬರದು ಹೋಗೂದೇ. ಯಾರದು ಅಂತ ನೀನ ಹೇಳು.”

“ಆಫೀಸಿನವರ ಹೇಳಿಕೊಟ್ಟಿದ್ರ ಹಾಜಿರಾ ಬೀದು ತಪ್ಪಾಗೂದಿಲ್ಲ.”

“ಆಫೀಸಿನವರು ಯಾರು ಹೇಳ್ಯಾರ?”

“ನಾನು” ಎಂದಳು ದುರ್ಗಾ.

ಜಗದೀಶ ಎದ್ದು ಬಾಗಿಲು ಮುಂದೆ ಮಾಡಿದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದನೆನ್ನಬೇಕು. “ನೋಡು, ಮಾರ್ಚಿನ್ಯಾಗ ನಿನ್ನ ಒಪ್ಪಂದ ಮುಗೀತದ. ಇದನ್ನ ಕಾಗದದಾಗ ಹಾಕಿದಿ ಅಂದ್ರ ಮತ್ತ ಸರ್ವರು ನಿನ್ನ ಕೈಯಾಗ ಕೊಡಂಗಿಲ್ಲ. ಸುಮ್ನ ಆರಿಸಿ ಹಚ್ಚು. ಹಳೇ ದಾಖಲೆ ಹೋತು ಅಂತ ನಾ ಹೇಳತೀನಿ.”

ದುರ್ಗಾಳಿಗೆ ಹೆದರಿಕೆಯಾಯಿತು. ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆ ಸರ್ವರೆಂದರೆ ಅವಳಿಗೆ ಪ್ರೀತಿ. ಅದನ್ನು ಬಿಟ್ಟು ಬೇರೆ ಕೆಲಸ ತನಗೆ ಬರುತ್ತದೆಯೇ ಎಂಬ ಅನುಮಾನವೂ ಇತ್ತು. ಮನೆಯಲ್ಲಿ ಸೂಗಪ್ಪ ಅವಳ ಕೆಲಸದ ಹೆಸರು ಸರಿಯಾಗಿ ಹೇಳಲು ಬಾರದಿದ್ದರೂ, ಎದೆ ಉಬ್ಬಿಸಿಕೊಂಡೇ ಹೇಳುತ್ತಿದ್ದ. ಎರಡು ದಿನ ಅವಳು ಬರೆಯಲಿಲ್ಲ. ಕಾಗದ ತೆಗೆಯುವುದು, ತಾರೀಖು ಹಾಕುವುದು, ಎದ್ದು ಹೋಗಿ ಚಹಾ ಕುಡಿದು ಬರುವುದು, ಇಷ್ಟೇ ಆಯಿತು. ಗುರುವಾರ ಸಂಜೆ ನೋಟ್‌ಬುಕ್ಕು ತೆರೆದು ಅದರಲ್ಲಿ ಎಂದಿನಂತೆ ಕನ್ನಡದಲ್ಲಿ ಬರೆದಳು: ‘ಒಬ್ಬರ ತಪ್ಪು ಅಳಿಸದೆ ಬಿಟ್ಟದ್ದಕ್ಕೆ ಮುಂದಿನವರ ಮೇಲೆ ಬಿತ್ತು. ಆ ಒಬ್ಬರಿಗೆ ಕಲಿಸಿದವಳು ನಾನು.’ ಬರೆದದ್ದನ್ನು ನೋಡಿದ ಮೇಲೆ ವರದಿ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಶನಿವಾರದ ಕಮಿಟಿಯಲ್ಲಿ ಹುಲಗೆಮ್ಮನ ಎಂಟು ಸೋಮವಾರಗಳನ್ನು ಹೊಡೆದುಹಾಕಿದರು. ಹಾಜಿರಾ ಬೀಗೆ ಎಚ್ಚರಿಕೆಯ ಪತ್ರ ಹೋಯಿತು. ಜೊತೆಗೆ, ಊರಲ್ಲಿಲ್ಲದ ದಿನ ಸೊಸೆ ತನ್ನ ಹೆಸರಿನಲ್ಲೇ ತುಂಬಬಹುದೆಂಬ ಹೊಸ ಅನುಮತಿಯೂ ಹೋಯಿತು. ಆ ಅನುಮತಿ ಮೊದಲೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಕಮಿಟಿಯಲ್ಲಿ ಯಾರೂ ಹೇಳಲಿಲ್ಲ. ದುರ್ಗಾಳಿಂದ ಸರ್ವರಿನ ಪಾಸ್‌ವರ್ಡು ವಾಪಸು ತೆಗೆದುಕೊಂಡರು. ಮಾರ್ಚಿನವರೆಗೆ ಹಳ್ಳಿ ಹಳ್ಳಿ ತಿರುಗಿ, ತಾರೀಖು ಹಿಂದೆ ಹಾಕಬಾರದೆಂದು ನಲವತ್ತಮೂರೂ ಜನರಿಗೆ ಹೇಳಿ ಬರುವ ಕೆಲಸ ಕೊಟ್ಟರು. ಮಾರ್ಚಿನ ಮೇಲಿನದು ಮಾರ್ಚಿಗೆ ಎಂದರು. ಅವಳು ಸೇರಿಸಿದ ಆ ಒಂದು ಸಾಲನ್ನು ಮಾತ್ರ ಯಾರೂ ತೆಗೆಯಲಿಲ್ಲ. ಅದು ಈಗಲೂ ಸರ್ವರಿನಲ್ಲಿದೆ.

ಮೊದಲ ಸೋಮವಾರವೇ ಅವಳು ನಸುಕಿನ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದಳು, ಅಲ್ಲಿಂದ ಆಟೋದಲ್ಲಿ ಹನ್ನೊಂದು ಕಿಲೋಮೀಟರು. ಹುಲಗೆಮ್ಮ ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಊರಿನ ಬೆನ್ನಿಗೇ ಬಂಡೆಗಳ ಗುಡ್ಡ. ತುದಿಯಲ್ಲಿ ಸುಣ್ಣ ಬಳಿದ ಈಶ್ವರನ ಗುಡಿ.

“ಮುಂಜಾನಿ ಇಲ್ಲೇ ಕೂತು ಒತ್ತಿದೆ ಮೇಡಂ. ಒಂದೇ ಸಲಕ್ಕ ಹೋತು” ಎಂದಳು ಹುಲಗೆಮ್ಮ. ಚಹಾ ತಂದಿಟ್ಟಳು.

ಕೊಡ ಹಿಡಿದು ಹೊರಟ ಪಕ್ಕದ ಮನೆಯ ಮಲ್ಲೇಶ್ವರಿ ಕಟ್ಟೆಯ ಹತ್ತಿರ ನಿಂತಳು. “ಯಾಕಬೇ ಹುಲಗೆಮ್ಮಾ, ಇವತ್ತ ಗುಡ್ಡ ಹತ್ತಲಿಲ್ಲ? ಸೋಮವಾರದ ಹರಕಿ ಮುಗೀತೇನು?”

“ಮುಗೀತು” ಎಂದಳು ಹುಲಗೆಮ್ಮ. ಮಲ್ಲೇಶ್ವರಿ ಹೋದ ಮೇಲೆ ದುರ್ಗಾಳ ಕಡೆ ತಿರುಗಿ ಸಣ್ಣಗೆ ನಕ್ಕಳು. “ಊರೆಲ್ಲಾ ಹಂಗ ತಿಳಕೊಂಡದ. ನಾನೂ ಹೌದೇ ಅಂದೆ. ಕೆಲಸ ಹೋಗೂ ಹಂಗ ಅದ ಅಂತ ಯಾರ ಮುಂದ ಹೇಳಲಿ? ಆರನೇ ವಾರ ಬಿದ್ದು ಮೊಣಕಾಲು ಕೆತ್ತಿತು. ಈಶ್ವರಪ್ಪ ಪರೀಕ್ಷಾ ಮಾಡತಾನ ಅಂದ್ರು ಎಲ್ರೂ.”

ದುರ್ಗಾ ಚಹಾದ ಲೋಟ ಹಿಡಿದು ಕೂತಿದ್ದಳು, ಕುಡಿಯಲಿಲ್ಲ.

“ಒಂದು ಕೇಳಲೇನ್ರೀ ಮೇಡಂ? ನೆಟ್‌ವರ್ಕ್ ಸರಿನೇ ಇತ್ತಂತ. ನನ್ನ ಫೋನೂ ಸರಿನೇ ಇತ್ತಂತ. ಹಂಗಾದ್ರ ಎಂಟು ಸೋಮವಾರ ನಾ ಗುಡ್ಡ ಹತ್ತಿದ್ದು ಯಾರ ಸಲುವಾಗಿ?”

ವರದಿಯಲ್ಲಿ ಬರೆಯುವುದು ಸುಲಭವಿತ್ತು. ಅಲ್ಲಿ ಎದುರಿಗೆ ಯಾರೂ ಕೂತಿರಲಿಲ್ಲ.

“ನನ್ನ ಸಲುವಾಗಿ ಯಕ್ಕಾ” ಎಂದಳು ದುರ್ಗಾ.

ಹುಲಗೆಮ್ಮ ಅವಳ ಮುಖವನ್ನೇ ನೋಡಿದಳು. ದುರ್ಗಾ ಎಲ್ಲ ಹೇಳಿದಳು. ಮಾನ್ವಿಯ ತರಬೇತಿ, ಹಿಂದೆ ಹಾಕಿದ ತಾರೀಖು, ಬಳಿಯದೆ ಬಿಟ್ಟ ಗಿರಣಿ. ಹುಲಗೆಮ್ಮ ಎಲ್ಲ ಕೇಳಿದ ಮೇಲೆ ಸೀರೆಯ ಅಂಚು ಸ್ವಲ್ಪ ಮೇಲೆತ್ತಿ ಮೊಣಕಾಲಿನ ಕಪ್ಪಾದ ಗಾಯ ಒಮ್ಮೆ ನೋಡಿಕೊಂಡಳು, ಮತ್ತೆ ಮುಚ್ಚಿದಳು.

“ಚಹಾ ಆರಾಕತ್ತದ, ಕುಡಿ” ಎಂದಳು. ಅಷ್ಟು ಹೊತ್ತು ‘ಮೇಡಂ’ ಎನ್ನುತ್ತಿದ್ದವಳು ಈಗ ಅನ್ನಲಿಲ್ಲ. “ಕುಡದು ಏಳು. ಇಬ್ಬರೂ ಒಮ್ಮಿ ಗುಡ್ಡಕ್ಕ ಹೋಗಿ ಬರೂನು. ಒಂಬತ್ತನೇ ವಾರದ್ದು ನೀ ಹತ್ತು.”